ಸುಟ್ಟುಹೋದ ಬೈಕಿನ ಸೀಟು

ಬಂದವನ ಬೂಟು ತೀರಾ ಹೊಸದಾಗಿತ್ತು. ಸೊಕೊರ್ರೊಗೆ ಮೊದಲ ಅನುಮಾನ ಬಂದದ್ದೇ ಅದನ್ನು ನೋಡಿ. ಬೈಕು ಓಡಿಸುವವರ ಎಡಬೂಟಿನ ಮೂತಿ ಗೇರು ಎತ್ತಿ ಎತ್ತಿ ಸವೆದಿರುತ್ತದೆ. ಪಕೋಯಿಮಾ ಎಂಬ ಊರಿನಲ್ಲಿ ಮೂವತ್ತು ವರ್ಷದಿಂದ ಬೈಕಿನ ಸೀಟು ಹೊಲಿಯುತ್ತಿದ್ದವಳಿಗೆ ಗಿರಾಕಿಯ ಮುಖಕ್ಕಿಂತ ಮೊದಲು ಬೂಟೇ ಕಾಣುತ್ತಿತ್ತು.

ಅವನ ಹೆಸರು ಪ್ರೆಸ್ಕಾಟ್ ಲ್ಯಾಂಗ್. ಸಿನಿಮಾದಲ್ಲಿ ಓಡಿದ ಬೈಕುಗಳನ್ನು ಕೊಂಡು ಶ್ರೀಮಂತರಿಗೆ ಮಾರುವವನು. ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಸೀಟನ್ನು ಅವಳ ಹೊಲಿಗೆ ಮೇಜಿನ ಮೇಲೆ ಕೂಸನ್ನು ಮಲಗಿಸುವ ಹಾಗೆ ಮಲಗಿಸಿದ.

"ಇದು ನಿಮ್ಮ ಕೈ ಕೆಲಸವಾ ಅಮ್ಮ? ಎಪ್ಪತ್ತೊಂದರ ಸಿನಿಮಾದು. ಕೊನೇಲಿ ಹೀರೋ ಬೈಕಿಗೆ ಬೆಂಕಿ ಬೀಳುತ್ತಲ್ಲ, ಅದು. ಆ ಬೈಕು ಸುಟ್ಟೇ ಇಲ್ಲ. ಈಗ ನನ್ ಹತ್ರ ಇದೆ. ನೀವೊಂದು ಕಾಗದಕ್ಕೆ ಸಹಿ ಹಾಕಿದ್ರೆ ಸಾಕು."

ಸೊಕೊರ್ರೊ ಸೀಟನ್ನು ತಿರುವಿದಳು. ಅಡಿಯಂಚಿನಲ್ಲಿ ನಾಲ್ಕು ಬೆರಳಿನಷ್ಟು ಹೊಲಿಗೆ ಕಪ್ಪು ದಾರದ್ದಲ್ಲ, ಕಡುನೀಲಿಯದು. ಅವತ್ತು ಕಪ್ಪು ದಾರ ಮುಗಿದಿತ್ತು, ಅಂಗಡಿ ಮುಚ್ಚಿತ್ತು, ಶೂಟಿಂಗು ಮರುದಿನ ಬೆಳಿಗ್ಗೆಯೇ ಇತ್ತು. ಸೀಟು ಅವಳದೇ. ಆದರೆ ಅವಳ ಕೈ ತಡೆದದ್ದು ಅದಕ್ಕಲ್ಲ. ಸೀಟಿನ ಹಿಂದೆ, ಇನ್ನೊಬ್ಬರು ಕೂರುವುದಕ್ಕೆಂದು, ಒಂದು ಪುಟ್ಟ ದಿಂಬು ಜೋಡಿಸಿತ್ತು. ಸಿನಿಮಾದ ಬೈಕಿಗೆ ಅದು ಇರಲಿಲ್ಲ. ಆ ದಿಂಬನ್ನೂ ಅವಳೇ ಹೊಲಿದಿದ್ದಳು. ಸಿನಿಮಾ ಆಗಿ ಎರಡು ವರ್ಷದ ಮೇಲೆ ಗಂಡ ಎಲಿಸಿಯೊ, "ಫ್ರೆಸ್ನೋ ಕಡೆ ಗಿರಾಕಿ ಒಬ್ಬ ಕೇಳಿದಾನೆ" ಅಂತ ಹೊಲಿಸಿಕೊಂಡು ಹೋಗಿದ್ದ. ಈಗ ಅದರ ರೆಕ್ಸಿನ್ನು ಕೂತು ಕೂತು ನುಣ್ಣಗಾಗಿತ್ತು.

ಆ ಬೈಕು ಕಟ್ಟಿದವನೂ ಎಲಿಸಿಯೊನೇ. ಅದು ಸುಟ್ಟು ಬೂದಿಯಾಯಿತೆಂದು ಇಪ್ಪತ್ನಾಲ್ಕು ವರ್ಷದಿಂದ ಹೇಳುತ್ತಾ ಬಂದವನೂ ಅವನೇ.

"ಯಾರ ಹತ್ರ ಕೊಂಡ್ರಿ?" ಅಂತ ಕೇಳಿದಳು.

"ಅದನ್ನ ಹೇಳೋ ಹಾಗಿಲ್ಲ."

"ಹಾಗಾದ್ರೆ ಸಹಿ ಹಾಕೋ ಹಾಗೂ ಇಲ್ಲ."

ಲ್ಯಾಂಗ್ ಅತ್ತ ಇತ್ತ ನೋಡಿದ. "ಲಂಕಾಸ್ಟರ್‌ನಲ್ಲಿ ವೆಂಡೆಲ್ ಓಕ್ಸ್ ಅಂತ ಒಬ್ಬ ಮುದುಕ."

ಸೊಕೊರ್ರೊ ಗುರುವಾರ ಬನ್ನಿ ಎಂದು ಅವನನ್ನು ಕಳಿಸಿದಳು. ವೆಂಡೆಲ್ ಆ ಸಿನಿಮಾದಲ್ಲಿ ಹೀರೋ ಬದಲು ಬೈಕಿನಿಂದ ಬಿದ್ದವನು. ಬಿದ್ದು ಸೊಂಟ ಮುರಿದುಕೊಂಡ. ಆಮೇಲೆ ಟೆಕ್ಸಾಸಿನಲ್ಲಿದ್ದ ಅಕ್ಕನ ಮನೆಗೆ ಹೋದ ಎಂದು ಎಲಿಸಿಯೊ ಹೇಳಿದ್ದ. ಲಂಕಾಸ್ಟರ್ ಇಲ್ಲಿಂದ ಒಂದು ಗಂಟೆಯ ದಾರಿ.

ರಾತ್ರಿ ಊಟಕ್ಕೆ ಕೂತಾಗ ಟೋರ್ಟಿಯಾ ರೊಟ್ಟಿ ಬಿಸಿ ಮಾಡುತ್ತಾ ಕೇಳಿದಳು, "ಆ ಸುಟ್ಟುಹೋದ ಬೈಕಿನ ಸೀಟೂ ಪೂರ್ತಿ ಸುಟ್ಟೋಯ್ತಾ?"

ಎಲಿಸಿಯೊ ಬೀನ್ಸ್ ಕಾಳಿನ ತಟ್ಟೆಯಿಂದ ತಲೆ ಎತ್ತಲಿಲ್ಲ. "ಪೆಟ್ರೋಲು ಸುರಿದು ಹಚ್ಚಿದ್ದು ಕಣೇ. ಉಳಿಯುತ್ತಾ? ಯಾಕೆ, ಯಾರಾದ್ರೂ ಕೇಳಿದ್ರಾ? ಯಾರು ಬಂದಿದ್ರು?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಅಂದುಕೊಂಡಳು ಅವಳು. "ಯಾರೂ ಇಲ್ಲ. ಸುಮ್ನೆ ನೆನಪಾಯ್ತು."

ಆಮೇಲೆ ತಲೆಯೊಳಗೆ ಹುಳ ಹೊಕ್ಕಿತು. ಭಾನುವಾರ ಭಾನುವಾರ ಹಳೇ ಸಾಮಾನಿನ ಸಂತೆಗೆಂದು ಹೋಗುತ್ತಿದ್ದ ಗಂಡ ಬರುವಾಗ ಒಂದು ನಟ್ಟನ್ನೂ ತಂದವನಲ್ಲ. ಹಿಂದಿನ ದಿಂಬನ್ನು ಅಷ್ಟು ನುಣ್ಣಗೆ ಸವೆಸಿದವಳು ಯಾರು? ಆ ಸಿನಿಮಾದಲ್ಲಿ ಕುಣಿದ ಕೆಂಪುಗೂದಲಿನ ಹುಡುಗಿಯ ಮುಖ ಎಂದೂ ಇಲ್ಲದ್ದು ಅವತ್ತು ನೆನಪಿಗೆ ಬಂತು.

ಬುಧವಾರ ಅಂಗಡಿಗೆ ಬೀಗ ಹಾಕಿ ಟ್ರಕ್ಕು ತೆಗೆದುಕೊಂಡು ಲಂಕಾಸ್ಟರ್‌ಗೆ ಹೊರಟಳು. ವೆಂಡೆಲ್ ಜಗಲಿಯಲ್ಲೇ ಕೂತಿದ್ದ. ಕೈಯಲ್ಲಿ ಊರುಗೋಲು. ಅವಳನ್ನು ಕಂಡವನೇ ಬೆಚ್ಚಿದ.

"ಎಲಿಸಿಯೊಗೆ ಏನಾದ್ರೂ ಆಯ್ತಾ?"

"ಇನ್ನೂ ಆಗಿಲ್ಲ. ಆಗಬೇಕೋ ಬೇಡ್ವೋ ಅಂತ ನೀವು ಹೇಳಿ. ಆ ಬೈಕು ಹೆಂಗೆ ಉಳೀತು?"

ವೆಂಡೆಲ್ ಊರುಗೋಲಿನಿಂದ ನೆಲ ಕೆರೆದ. "ನಾಲ್ಕು ತಿಂಗಳು ಕೂತು ಕಟ್ಟಿದ್ದನ್ನ ಸ್ಟುಡಿಯೋದವರು ಸುಡು ಅಂದ್ರು ತಾಯಿ. ಅವನು ಗುಜರಿ ಬೈಕಿಗೆ ಅದೇ ಬಣ್ಣ ಬಳಿದು ಬೆಂಕಿಗೆ ನಿಲ್ಲಿಸಿದ. ಹೊಗೇಲಿ ಯಾರಿಗೆ ಕಾಣುತ್ತೆ? ಅಸಲಿದನ್ನ ತಂದು ನನ್ನ ಶೆಡ್ಡಿನಲ್ಲಿ ಇಟ್ಟ."

"ಹಿಂದಿನ ಸೀಟಲ್ಲಿ ಯಾರು ಕೂರ್ತಿದ್ರು?"

"ಯಾರು ಅಂದ್ರೆ?"

"ಯಾವ ಹೆಂಗಸು ಅಂತ ಕೇಳ್ತಿದೀನಿ."

ಮುದುಕ ಕೆಮ್ಮು ಬರುವಷ್ಟು ನಕ್ಕ. "ಹೆಂಗಸಲ್ಲ ತಾಯಿ, ನಾನು! ಇನ್ಮೇಲೆ ಬೈಕು ಮುಟ್ಟಬೇಡ ಅಂದಿದ್ರು ಡಾಕ್ಟ್ರು. ಭಾನುವಾರ ನಿಮ್ಮ ಯಜಮಾನ ಬಂದು, ನನ್ನನ್ನ ಎತ್ತಿ ಹಿಂದೆ ಕೂರಿಸಿ, ಬೆಲ್ಟಿನಲ್ಲಿ ತನಗೇ ಬಿಗಿದುಕೊಂಡು, ಒಣಗಿದ ಕೆರೆ ತನಕ ಕರ್ಕೊಂಡು ಹೋಗ್ತಿದ್ದ. ಹನ್ನೆರಡು ವರ್ಷ. ಅವನ ಮಣಿಕಟ್ಟು ಹಿಡ್ಕೊಂಡು ನೋಯೋಕೆ ಶುರುವಾದ ಮೇಲೆ ನಿಂತೋಯ್ತು. ಈಗ ಬಂದು ಕಾಫಿ ಕುಡಿದು ಹೋಗ್ತಾನೆ."

"ಇದನ್ನ ನನ್ನಿಂದ ಯಾಕೆ ಮುಚ್ಚಿಟ್ಟ?"

"ನೀವು ಸುಳ್ಳು ಹೇಳಲ್ಲವಂತೆ. ಸ್ಟುಡಿಯೋದವರು ಬಂದು ಕೇಳಿದ್ರೆ ನಿಂತ ಕಾಲಲ್ಲೇ ಹೇಳಿಬಿಡ್ತಾಳೆ ಅಂತಿದ್ದ."

ಸೊಕೊರ್ರೊ ಎದ್ದು ಹೋಗಿ ಶೆಡ್ಡಿನ ಬಾಗಿಲು ನೂಕಿದಳು. ಒಳಗೆ ಟಾರ್ಪಾಲಿನಡಿ ಬೈಕಿನ ಆಕಾರದ್ದೇ ಏನೋ ನಿಂತಿತ್ತು. ಎತ್ತಿ ನೋಡಿದರೆ ಹುಲ್ಲು ಕತ್ತರಿಸುವ ಯಂತ್ರ, ಅದರ ಮೇಲೆ ಎರಡು ಮುರುಕು ಕುರ್ಚಿ.

ಹಿಂದಿನಿಂದ ವೆಂಡೆಲ್‌ನ ದನಿ ಸಣ್ಣಗಾಯಿತು. "ಅವನಿಗೆ ಹೇಳಬೇಡಿ. ಸೊಂಟದ ಇನ್ನೊಂದು ಕಡೆಯ ಕೀಲೂ ಹೋಯ್ತು, ಆಪರೇಷನ್ ಮಾಡಿಸಲೇಬೇಕಿತ್ತು, ಅದಕ್ಕೇ ಮಾರಿಬಿಟ್ಟೆ. ಬೈಕಿದೆಯಾ ಅಂತ ಕೇಳಿದಾಗೆಲ್ಲ ಅವನಿಗೆ ಬಾಗಿಲಿಂದಲೇ ಟಾರ್ಪಾಲು ತೋರಿಸ್ತೀನಿ."

ಗುರುವಾರ ಲ್ಯಾಂಗ್ ಬಂದ. ಸೊಕೊರ್ರೊ ತನ್ನ ಕೈಯಾರೆ ಬರೆದುಕೊಟ್ಟಳು: ಈ ಸೀಟು ಮತ್ತು ದಿಂಬು ನಾನು ಹೊಲಿದವು.

"ಸಿನಿಮಾದ್ದು ಅಂತ ಬರೀಲಿಲ್ಲ?"

"ಸಿನಿಮಾದಲ್ಲಿ ನಾನು ನೋಡಿದ್ದು ಬೆಂಕಿ. ನೋಡಿದ್ದನ್ನ ಬರೀಲಾ?"

ಅವನು ಕಾಗದ ಮಡಚಿಕೊಂಡು, ಥ್ಯಾಂಕ್ಸ್ ಕೂಡ ಹೇಳದೆ ಹೋದ.

ಎಲಿಸಿಯೊಗೆ ಅವಳು ಎಲ್ಲ ಹೇಳಿದ್ದು ಶನಿವಾರ. ಅವನು ಮೊದಲು ಕೂಗಾಡಿದ, ಲಂಕಾಸ್ಟರ್‌ಗೆ ಯಾಕೆ ಹೋದೆ, ಗಂಡನ ಬೆನ್ನಿಗೆ ಬಿದ್ದೆಯಾ ಅಂತ. ಹುಲ್ಲಿನ ಯಂತ್ರದ ಮಾತು ಬಂದಾಗ ಕುರ್ಚಿ ಎಳೆದುಕೊಂಡ. ಊದಿದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ತಿಕ್ಕುತ್ತಾ ಕೂತುಬಿಟ್ಟ. ಅವಳಿಗೆ ಮರುಕವೂ ಆಯಿತು, ಸಿಟ್ಟೂ ಇಳಿದಿರಲಿಲ್ಲ. ಒಳ್ಳೆಯ ಕೆಲಸವನ್ನೇ ಇಷ್ಟು ವರ್ಷ ಮುಚ್ಚಿಟ್ಟವನು ಇನ್ನೇನೇನು ಮುಚ್ಚಿಟ್ಟಿದ್ದಾನೋ ಯಾರಿಗೆ ಗೊತ್ತು?

ಭಾನುವಾರ ಬೆಳಿಗ್ಗೆ ಅವನು ಎಂದಿನಂತೆ ಟ್ರಕ್ಕಿನ ಕೀಲಿ ತೆಗೆದುಕೊಂಡ.

"ಕೇಳ್ತೀಯಾ ಅವನನ್ನ?"

"ಏನಂತ ಕೇಳ್ಲಿ? ನಾನು ಕದ್ದಿದ್ದನ್ನ ನೀನ್ಯಾಕೆ ಮಾರಿದೆ ಅಂತಲಾ? ಕಾಫಿ ಕುಡಿದು ಬರ್ತೀನಿ ಮಾರಾಯ್ತಿ."

"ಸರಿ" ಅಂದವಳು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ಅವನಿಗಿಂತ ಮೊದಲೇ ಹೋಗಿ ಟ್ರಕ್ಕಿನಲ್ಲಿ ಕೂತಳು.

"ನೀನೆಲ್ಲಿಗೆ?"

"ನಿಮ್ಮಿಬ್ಬರನ್ನೇ ಬಿಡೋ ಧೈರ್ಯ ನನಗಿಲ್ಲ. ನಡಿ."