ಸಿಂಧಘಟ್ಟದ ಅರವತ್ತಮೂರು ಚೀಟಿ

ಸಿಂಧಘಟ್ಟದ ಚಿಕ್ಕಸ್ವಾಮಿ ವಿಧಾನಸಭೆಗೆ ನಿಲ್ಲಬೇಕೆಂದು ಮೂರು ಸಲ ಹೊರಟು ಮೂರು ಸಲವೂ ಹಿಂದೆ ಸರಿದಿದ್ದ. ಎಂಬತ್ತಮೂರರಲ್ಲಿ ಪಕ್ಷದವರು, ‘ಈ ಸಲ ಹಿರಿಯರೊಬ್ಬರಿಗೆ ಬಿಟ್ಟುಕೊಡಿ’ ಎಂದರು. ಎಂಬತ್ತೈದರಲ್ಲಿ, ‘ನಿಮ್ಮ ಸರದಿ ಮುಂದಿನ ಸಲ’ ಎಂದರು. ಎಂಬತ್ತೊಂಬತ್ತರಲ್ಲಿ ಏನನ್ನೂ ಹೇಳಲಿಲ್ಲ. ಕೆ.ಆರ್. ಪೇಟೆಯ ಪಕ್ಷದ ಆಫೀಸಿನಲ್ಲಿ ಬೇರೊಬ್ಬರ ಹೆಸರಿನ ಪೋಸ್ಟರುಗಳು ಬಂದಿಳಿದಿದ್ದನ್ನು ನೋಡಿ ಅವನೇ ಅರ್ಥ ಮಾಡಿಕೊಂಡ. ಅದರಲ್ಲಿ ಒಂದು ಕಟ್ಟನ್ನು ಬಗಲಿಗೆ ಇರುಕಿಕೊಂಡು ಬಸ್ಸು ಹತ್ತಿ ಬಂದು, ಮಾರನೆಯ ದಿನ ಊರಿನ ಗೋಡೆಗಳಿಗೆ ತಾನೇ ಅಂಟಿಸಿದ.

ಆಗೆಲ್ಲ ಅವನ ಜೊತೆಯಲ್ಲಿ ಗೋಂದಿನ ಬಕೆಟ್ಟು ಹಿಡಿದು ನಡೆದವನು ಚಲುವರಾಜು. ದಾಯಾದಿ ತಮ್ಮನ ಮಗ. ತಾಯಿ ಸತ್ತಾಗ ಅವನಿಗೆ ಆರು ವರ್ಷ. ಅಪ್ಪ ಕಿಕ್ಕೇರಿಯ ಕಡೆ ಇನ್ನೊಂದು ಮದುವೆಯಾಗಿ ಹೋದ ಮೇಲೆ ಚಿಕ್ಕಸ್ವಾಮಿಯ ಹೆಂಡತಿ ಸೋಮಮ್ಮ, ‘ಇದ್ಯಾವ ದೊಡ್ಡ ಭಾರ’ ಎಂದು ಮನೆಗೆ ಕರೆತಂದಳು. ಹೊಟ್ಟೆಯಲ್ಲಿ ಹುಟ್ಟಿದ ಲೋಕೇಶ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಚಲುವರಾಜು ಅವಳನ್ನು ಅವ್ವ ಎನ್ನುತ್ತಿದ್ದ, ಚಿಕ್ಕಸ್ವಾಮಿಯನ್ನು ದೊಡ್ಡಪ್ಪ ಎನ್ನುತ್ತಿದ್ದ. ಬಿ.ಎ. ಮುಗಿಸಿ, ಭಾಷಣ ಕಲಿತು, ಮೂವತ್ತೊಂದನೆಯ ವಯಸ್ಸಿಗೆ ತಾಲ್ಲೂಕಿನ ಹುಡುಗರೆಲ್ಲ ‘ಚಲುವಣ್ಣ’ ಎಂದು ಹಿಂದೆ ಬೀಳುವ ಹಾಗೆ ಬೆಳೆದಿದ್ದ.

ತೊಂಬತ್ನಾಲ್ಕರ ಚುನಾವಣೆ ಹತ್ತಿರ ಬಂದಾಗ ಟಿಕೆಟ್ಟಿಗೆ ಮೂರು ಅರ್ಜಿ ಬಿದ್ದವು. ಒಂದು ಕಂಟ್ರಾಕ್ಟರ್ ಮಂಚಯ್ಯನದು. ಅವನಿಗೆ ಪಕ್ಷ ಬೇಕಾಗಿದ್ದು ಟಿಕೆಟ್ಟಿಗಾಗಿ ಮಾತ್ರ. ಹಿಂದಿನ ವರ್ಷ ಇನ್ನೊಂದು ಪಕ್ಷದ ಶಾಲು ಹೊದ್ದು ಓಡಾಡಿದ್ದನ್ನು ಎಲ್ಲರೂ ನೋಡಿದ್ದರು. ಇನ್ನೊಂದು ಚಿಕ್ಕಸ್ವಾಮಿಯದು. ಮೂರನೆಯದು ಚಲುವರಾಜುವಿನದು.

“ನೀವ್ ಈ ಸಲವೂ ಹಾಕ್ತೀರಿ ಅಂತ ಗೊತ್ತಿದ್ರೆ ನಾನ್ ಹಾಕ್ತಿರ್ಲಿಲ್ಲ ದೊಡ್ಡಪ್ಪ,” ಎಂದ ಚಲುವರಾಜು.

“ನೀನು ಕೇಳ್ಲಿಲ್ಲ ಕಣ್ಲಾ,” ಎಂದ ಚಿಕ್ಕಸ್ವಾಮಿ. ಇಬ್ಬರೂ ನಕ್ಕರು. ಅಂದು ಒಟ್ಟಿಗೇ ಕೂತು ಊಟ ಮಾಡಿದರು.

ಹೋದ ಸಲ ಟಿಕೆಟ್ಟಿಗಾಗಿ ನಡೆದ ಜಗಳದಿಂದ ಬೇಸತ್ತಿದ್ದ ತಾಲ್ಲೂಕು ಅಧ್ಯಕ್ಷ ತಮ್ಮಯ್ಯ ಹೊಸದೊಂದು ಉಪಾಯ ಹೂಡಿದ. ಪಕ್ಷದ ಸದಸ್ಯರೇ ಮತ ಹಾಕಿ ಅಭ್ಯರ್ಥಿಯನ್ನು ಆರಿಸಲಿ. ನಾಲ್ಕು ಭಾನುವಾರ, ನಾಲ್ಕು ಊರು: ಕಿಕ್ಕೇರಿ, ಹೊಸಹೊಳಲು, ಪೇಟೆ, ಕೊನೆಗೆ ಸಿಂಧಘಟ್ಟ. ಓದು ಬಾರದವರಿಗೂ ತಿಳಿಯಲೆಂದು ಮೂರು ಬಣ್ಣದ ಚೀಟಿ. ಮಂಚಯ್ಯನಿಗೆ ಬಿಳಿ, ಚಲುವರಾಜುವಿಗೆ ಹಳದಿ, ಚಿಕ್ಕಸ್ವಾಮಿಗೆ ನೀಲಿ. ಬೇಕಾದ ಬಣ್ಣದ್ದನ್ನು ಮಡಿಸಿ ಡಬ್ಬಕ್ಕೆ ಹಾಕಬೇಕು. ಆಯಾ ದಿನವೇ ಎಣಿಕೆ. ಎಲ್ಲ ಸೇರಿ ಯಾರಿಗೆ ಹೆಚ್ಚೋ ಅವರಿಗೆ ಟಿಕೆಟ್ಟು.

ಕಿಕ್ಕೇರಿಯಲ್ಲಿ ಮಂಚಯ್ಯನಿಗೆ ನೂರ ನಲವತ್ತೆರಡು, ಚಲುವರಾಜುವಿಗೆ ನೂರ ಮೂವತ್ತೊಂದು, ಚಿಕ್ಕಸ್ವಾಮಿಗೆ ಇಪ್ಪತ್ತೆರಡು ಚೀಟಿ ಬಂದವು. ಹೊಸಹೊಳಲಿನಲ್ಲಿ ಚಿಕ್ಕಸ್ವಾಮಿಗೆ ಹದಿನೇಳು. ಪೇಟೆಯಲ್ಲಿ ಹನ್ನೆರಡು. ಮೂವತ್ತು ವರ್ಷ ಆ ಬೀದಿಗಳಲ್ಲಿ ಬಾವುಟ ಹಿಡಿದು ನಡೆದವನು, ಹನ್ನೆರಡು ನೀಲಿ ಚೀಟಿಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಡುವುದನ್ನು ನಿಂತು ನೋಡಿದ. ಇಡುತ್ತಿದ್ದವನಿಗೇ ಮುಜುಗರವಾಗಿ ಬೇಗ ಬೇಗ ಇಟ್ಟ.

ಮೂರು ಊರು ಮುಗಿದಾಗ ಮಂಚಯ್ಯ ಚಲುವರಾಜುವಿಗಿಂತ ಹತ್ತೊಂಬತ್ತು ಚೀಟಿ ಮುಂದಿದ್ದ. ಚಿಕ್ಕಸ್ವಾಮಿ ಗೆಲ್ಲುವ ಮಾತು ಮುಗಿದಿತ್ತು. ಉಳಿದಿದ್ದು ಸಿಂಧಘಟ್ಟ ಒಂದೇ.

ಬುಧವಾರ ಬೆಳಿಗ್ಗೆ ತಮ್ಮಯ್ಯನೇ ಮನೆಗೆ ಬಂದ. ಜಗುಲಿಯ ಮೇಲೆ ಕೂತು, ಸೋಮಮ್ಮ ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಟ್ಟ.

“ಚಿಕ್ಕಸ್ವಾಮಣ್ಣ, ನಾನ್ ಅಧ್ಯಕ್ಷ, ಯಾರ ಕಡೆನೂ ಮಾತಾಡ್ಬಾರ್ದು. ಆದ್ರೂ ಯೋಳ್ತೀನಿ. ನೀವ್ ಇಳುದ್ಬುಟ್ರೆ ನಮ್ ಹುಡುಗ ಬತ್ತಾನೆ. ನಿಂತ್ರೆ ಆ ಮಂಚಯ್ಯ ಬತ್ತಾನೆ. ಅಷ್ಟೇಯ.”

“ಮೂರ್ ಸಲ ಇಳ್ದಿದ್ದೀನಿ ತಮ್ಮಯ್ಯ.”

“ಅದುಕ್ಕೇ ಯೋಳ್ತಾ ಇರೋದು. ನಿಮ್ಗೆ ಅಭ್ಯಾಸ ಅದೆ.”

ತಮ್ಮಯ್ಯ ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಆ ಮಾತು ಚಿಕ್ಕಸ್ವಾಮಿಯ ಎದೆಯಲ್ಲಿ ನಾಟಿಕೊಂಡಿತು. ತಮ್ಮಯ್ಯ ಹೋದ ಮೇಲೂ ಅವನು ಬಹಳ ಹೊತ್ತು ಜಗುಲಿಯಿಂದ ಏಳಲಿಲ್ಲ.

ಸೋಮಮ್ಮ ಬಂದು ಹತ್ತಿರ ನಿಂತಳು. “ಇಳುದ್ಬುಡಿ. ನಮ್ ಚಲ್ವನೇ ತಾನೆ? ಅವ್ನು ಗೆದ್ರೆ ನೀವ್ ಗೆದ್ದಂಗೇ ಅಲ್ವಾ?”

“ಔದು,” ಎಂದ. ನಾಳೆ ಪೇಟೆಗೆ ಹೋಗಿ ಬರೆದುಕೊಟ್ಟು ಬರುತ್ತೇನೆ ಎಂದ. ಅವಳಿಗೆ ಸಮಾಧಾನವಾಯಿತು.

ಮಾರನೆಯ ಬೆಳಿಗ್ಗೆ ಪಂಚೆ ಉಟ್ಟು ಬಸ್ಸಿಗೆ ಹೊರಟವನನ್ನು ಕುಳ್ಳಯ್ಯ ದಾರಿಯಲ್ಲಿ ಸಿಕ್ಕಿ ನಿಲ್ಲಿಸಿದ. ಕುಳ್ಳಯ್ಯ ಕೆಳಗಿನ ಕೇರಿಯ ಹಿರಿಯ, ಕಬ್ಬು ಕಡಿಯುವ ತಂಡದ ಮೇಸ್ತ್ರಿ. ಆ ಕೇರಿಯ ಇಪ್ಪತ್ತೇಳು ಜನರನ್ನು ಮನೆಮನೆಗೆ ಹೋಗಿ ಪಕ್ಷಕ್ಕೆ ಸೇರಿಸಿದವನು ಚಿಕ್ಕಸ್ವಾಮಿ. ‘ಯಾರೋ ಮೇಲಿಂದ ಹೇಳಿದವರಿಗೆ ಮತ ಒತ್ತೋದು ಸಾಕು, ನಿಲ್ಲೋರು ಯಾರು ಅನ್ನೋದನ್ನೂ ನೀವೇ ಹೇಳಿ’ ಎಂದು ಅವನೇ ಅವರಿಗೆ ಹೇಳಿದ್ದ.

“ಇಳೀತಾ ಇದ್ದೀರಂತೆ, ನಿಜವಾ ಸ್ವಾಮಿ?”

“ಯಾರಂದ್ರು?”

“ಊರೇ ಅಂತದೆ.” ಕುಳ್ಳಯ್ಯ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. “ಭಾನುವಾರ ಕಬ್ಬು ಕಡಿಯಾಕೆ ಓಗಬ್ಯಾಡಿ ಅಂತ ಎಲ್ರುಗೂ ಯೋಳಿದ್ದೀನಿ. ಎಂಗುಸ್ರೂ ಬತ್ತಾವ್ರೆ. ನೀವೇ ಇಲ್ದಿದ್ರೆ ನಾವ್ ಯಾಕೆ ಸಾಲಲ್ಲಿ ನಿಂತ್ಕಬೇಕು? ನಿಮ್ಮನ್ನ ನಂಬ್ಕಂಡು ಎಸ್ರು ಬರ್ಸಿದ್ದು.”

ಚಿಕ್ಕಸ್ವಾಮಿ ಬಸ್ಸಿನ ದಾರಿ ನೋಡಿದ. ಬಸ್ಸು ಬಂತು, ನಿಂತಿತು, ಹೋಯಿತು. ಅವನು ಹತ್ತಲಿಲ್ಲ.

ಮನೆಗೆ ವಾಪಸ್ಸು ಬಂದವನ ಮುಖ ನೋಡಿಯೇ ಸೋಮಮ್ಮನಿಗೆ ತಿಳಿಯಿತು. ಚುನಾವಣೆಯ ಓಡಾಟಕ್ಕೆಂದು ಪೇಟೆಯಲ್ಲೇ ಉಳಿದಿದ್ದ ಚಲುವರಾಜು ಸಂಜೆ ಬಂದ. ಒಳಗೆ ಬರದೆ ಅಂಗಳದಲ್ಲೇ ನಿಂತು ಮಾತಾಡಿದ.

“ದೊಡ್ಡಪ್ಪ, ಕೈ ಮುಗೀತೀನಿ. ನಿಮ್ಗೆ ಬೀಳೋ ಒಂದೊಂದ್ ಚೀಟಿನೂ ನನ್ ಕತ್ತಿನ್ ಮ್ಯಾಲೆ ಬೀಳ್ತದೆ.”

“ಅವು ನಿನ್ನವೂ ಅಲ್ಲ, ನನ್ನವೂ ಅಲ್ಲ ಕಣ್ಲಾ. ಆಕೋರವು. ಸೋಲ್ತೀನಿ ಅಂತ ಗೊತ್ತಿದ್ದೂ ನಂಗೆ ಆಕ್ತೀವಿ ಅನ್ನೋರ್ಗೆ ಏನಂತ ಯೋಳ್ಲಿ? ನೀವ್ ಲೆಕ್ಕಕ್ಕಿಲ್ಲ, ಮನೇಗ್ ಓಗಿ ಅನ್ಲಾ?”

“ಅವ್ರಿಗೆ ನನ್ ಎಸ್ರು ಯೋಳಿ.”

“ನಂದೇ ಯೋಳಿ ಸೇರ್ಸಿದ್ದೀನಿ. ಒಂದ್ ವಾರದಲ್ಲಿ ಎಸ್ರು ಬದ್ಲಾಯ್ಸಿ ಅಂದ್ರೆ, ಮಂಚಯ್ಯನ್ಗೂ ನಂಗೂ ಏನ್ ವ್ಯತ್ಯಾಸ?”

ಚಲುವರಾಜು ಮೆಲ್ಲಗೆ, “ಬ್ಯಾರೆಯೋರ್ಗೆಲ್ಲ ಮೂರ್ ಸಲ ಬುಟ್ಕೊಟ್ರಿ. ನಂಗೆ ಒಂದ್ ಸಲ ಆಗ್ಲಿಲ್ಲ,” ಎಂದ.

ನಿಲ್ಲುವುದರಲ್ಲಿ ತನಗೆ ಸ್ವಲ್ಪವೂ ಆಸೆಯಿಲ್ಲವೇ ಎಂದು ಚಿಕ್ಕಸ್ವಾಮಿ ತನ್ನನ್ನೇ ಕೇಳಿಕೊಂಡಿದ್ದ. ಇತ್ತು. ಒಂದು ಸಲವಾದರೂ ಕೊನೆಯವರೆಗೆ ನಿಂತವನು ಎನ್ನಿಸಿಕೊಳ್ಳುವ ಆಸೆ ಇತ್ತು. ಕುಳ್ಳಯ್ಯನ ಮಾತು ಎಷ್ಟು, ಈ ಆಸೆ ಎಷ್ಟು ಎಂದು ಬೇರೆ ಮಾಡಿ ನೋಡಲು ಅವನಿಂದ ಆಗಲಿಲ್ಲ.

ಸೋಮಮ್ಮ ಒಳಗಿನಿಂದ, “ಮಗ, ಉಂಡ್ಕಂಡ್ ಓಗು,” ಎಂದಳು. “ಭಾನುವಾರ ಗೆದ್ದು ಬಂದ್ ಉಣ್ತೀನಿ ಕಣವ್ವ,” ಎಂದು ಅವನು ಸೈಕಲ್ಲು ಹತ್ತಿದ.

ಭಾನುವಾರ ಹಾಲಿನ ಸೊಸೈಟಿಯ ಕಟ್ಟಡದಲ್ಲಿ ಮತದಾನ. ಕುಳ್ಳಯ್ಯನ ಕಡೆಯವರು ಬೆಳಿಗ್ಗೆ ಎಂಟಕ್ಕೇ ಬಂದು ಸಾಲು ಹಿಡಿದರು. ಹೆಂಗಸರು ಎಣ್ಣೆ ಹಚ್ಚಿ ತಲೆ ಬಾಚಿ, ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದರು. ಹನ್ನೊಂದರ ಹೊತ್ತಿಗೆ ಸೋಮಮ್ಮ ಬಂದಳು. ಅವಳೂ ಸದಸ್ಯೆ. ಮೂರು ಚೀಟಿ ಹಿಡಿದು ಪರದೆಯ ಹಿಂದೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. “ಅಕ್ಕಾ, ಆಯ್ತಾ?” ಎಂದು ತಮ್ಮಯ್ಯ ಎರಡು ಸಲ ಕೂಗಬೇಕಾಯಿತು. ಬಂದು, ಡಬ್ಬಕ್ಕೆ ಮಡಿಸಿದ ಚೀಟಿ ಹಾಕಿ, ಯಾರ ಮುಖವನ್ನೂ ನೋಡದೆ ಮನೆಗೆ ಹೋದಳು.

ನಾಲ್ಕು ಗಂಟೆಗೆ ಎಣಿಕೆ ಮುಗಿಯಿತು. ಸಿಂಧಘಟ್ಟದಲ್ಲಿ ಚಲುವರಾಜುವಿಗೆ ನೂರ ನಾಲ್ಕು, ಮಂಚಯ್ಯನಿಗೆ ತೊಂಬತ್ತಾರು, ಚಿಕ್ಕಸ್ವಾಮಿಗೆ ಅರವತ್ತಮೂರು. ನಾಲ್ಕೂ ಊರು ಸೇರಿಸಿದಾಗ ಮಂಚಯ್ಯ ಹನ್ನೊಂದು ಚೀಟಿಯಿಂದ ಗೆದ್ದಿದ್ದ.

ಹೊರಗೆ ಮಂಚಯ್ಯನ ಕಡೆಯವರು ಪಟಾಕಿ ಹಚ್ಚಿದರು. ಚಲುವರಾಜು ಗೋಡೆಗೆ ಒರಗಿ ನಿಂತಿದ್ದ. ಚಿಕ್ಕಸ್ವಾಮಿ ಅವನ ಕಡೆ ಹೆಜ್ಜೆ ಹಾಕಿದ. ಜೊತೆಯಲ್ಲಿದ್ದ ಹುಡುಗರು ಅಡ್ಡ ನಿಂತು, “ಬ್ಯಾಡ ಬುಡಿ ಯಜಮಾನ್ರೇ, ಇನ್ನೇನ್ ಉಳ್ಸಿದ್ದೀರಿ,” ಎಂದರು.

ದಾರಿಯಲ್ಲಿ ಕುಳ್ಳಯ್ಯ ಸಿಕ್ಕಿದ. ಚಿಕ್ಕಸ್ವಾಮಿ ಕೇಳಬಾರದ್ದನ್ನು ಕೇಳಿಬಿಟ್ಟ. “ನಾನು ಇಳುದು, ಚಲ್ವನ್ಗೆ ಆಕಿ ಅಂದಿದ್ರೆ ಆಕ್ತಿದ್ರಾ ಕುಳ್ಳಯ್ಯ?”

ಕುಳ್ಳಯ್ಯ ಅಚ್ಚರಿಯಿಂದ ನೋಡಿದ. “ನೀವು ಬಾಯ್ಬುಟ್ಟು ಯೋಳಿದ್ರೆ ಆಕ್ತಿದ್ವು ಸ್ವಾಮಿ. ನಿಮ್ ಮಾತ್ ಯಾವತ್ ಮೀರಿದ್ದೀವಿ? ನೀವೇ ಯೋಳ್ಲಿಲ್ಲ.”

ಇಪ್ಪತ್ತೇಳು. ಬೇಕಾಗಿದ್ದು ಹನ್ನೆರಡು. ಚಿಕ್ಕಸ್ವಾಮಿ ಅಲ್ಲೇ ಕಾಲುವೆಯ ಏರಿಯ ಮೇಲೆ ಕೂತುಬಿಟ್ಟ.

ಆ ಹೊತ್ತಿಗೆ ಚಲುವರಾಜು ಮನೆಗೆ ಹೋಗಿದ್ದ. ಸೋಮಮ್ಮ ಮುದ್ದೆ ತೊಳಸುತ್ತಿದ್ದಳು. ಅವನು ಅಡಿಗೆಮನೆಯ ಬಾಗಿಲಲ್ಲಿ ನಿಂತ. ಸೋತೆ ಎಂದು ಹೇಳಬೇಕಾಗಿರಲಿಲ್ಲ. ಪಟಾಕಿ ಹಚ್ಚಿದವರು ಯಾರ ಕಡೆಯವರೆಂದು ಅವಳಿಗೆ ಆಗಲೇ ಗೊತ್ತಾಗಿತ್ತು.

“ಅವ್ವ, ನೀನಾದ್ರೂ ನಂಗೆ ಆಕಿದ್ಯಲ್ಲಾ?”

ಅವಳು ಮುದ್ದೆ ಕೋಲನ್ನು ಬಿಟ್ಟು ನೆಟ್ಟಗೆ ನಿಂತಳು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅವನ ಆರನೆಯ ವಯಸ್ಸಿನಿಂದ ಅವನಿಗೆ ಒಂದು ಸುಳ್ಳನ್ನೂ ಹೇಳಿರಲಿಲ್ಲ ಅವಳು.

“ಇಲ್ಲ ಕಣಪ್ಪ. ನಿಮ್ ದೊಡ್ಡಪ್ಪನ್ಗೆ ಆಕ್ದೆ.”

“ಸೋಲೋರು ಅಂತ ಗೊತ್ತಿತ್ತಲ್ಲವ್ವ.”

“ಸೋಲೋರು ಅಂತ್ಲೇ ಆಕ್ದೆ ಮಗ. ಪ್ಯಾಟೇಲಿ ಅನ್ನೆರಡೇ ಬಿದ್ವಂತೆ. ಉಟ್ಟಿದ್ ಊರಲ್ಲೂ ಅಂಗಾಗ್ಬುಟ್ರೆ ಆ ಮನುಸ ಎಂಗೆ ಬದುಕ್ತಾನೆ ಅನ್ನಿಸ್ತು. ನೀನು ಎಂಗೂ ಗೆಲ್ತೀಯ ಅನ್ಕಂಡಿದ್ದೆ. ನನ್ ಒಂದ್ ಚೀಟಿಯಿಂದ ನಿಂಗೇನೂ ಆಗಲ್ಲ ಅನ್ಕಂಡೆ.”

“ಒಂದ್ ಚೀಟಿಯಿಂದ ಏನೂ ಆಗ್ಲಿಲ್ಲ ಬುಡು,” ಎಂದ ಅವನು. ಸೋಮಮ್ಮ ಹಿಟ್ಟಿನ ಕೈಯಲ್ಲೇ ಅವನ ತೋಳು ಹಿಡಿಯಲು ಹೋದಳು. ಅವನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಅಷ್ಟೇ. ಬೈಯಲಿಲ್ಲ, ಕೂಗಾಡಲಿಲ್ಲ. ತನ್ನ ಎರಡು ಜೊತೆ ಬಟ್ಟೆ, ಕಾಲೇಜಿನ ಸರ್ಟಿಫಿಕೇಟಿನ ಫೈಲು ತೆಗೆದುಕೊಂಡು ಹೋದ.

ಚುನಾವಣೆಯಲ್ಲಿ ಮಂಚಯ್ಯ ಸೋತ. ಸೋತ ಮೂರೇ ತಿಂಗಳಿಗೆ ಬಿಳಿ ಕಾರಿನಲ್ಲಿ ಹೋಗಿ ಗೆದ್ದವರ ಪಕ್ಷ ಸೇರಿಕೊಂಡ. ಕೆಳಗಿನ ಕೇರಿಯವರು ಮತ್ತೆ ಯಾವ ಪಕ್ಷಕ್ಕೂ ಹೆಸರು ಬರೆಸಲಿಲ್ಲ. ಚಲುವರಾಜು ನಾಗಮಂಗಲದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ ಎಂದು ಸುದ್ದಿ ಬಂತು. ಚಿಕ್ಕಸ್ವಾಮಿ ಎರಡು ಕಾಗದ ಬರೆದ. ಉತ್ತರ ಬರಲಿಲ್ಲ. ಸೋಮಮ್ಮ ಲೋಕೇಶನನ್ನು ಕಳಿಸಿದಳು. “ಅಣ್ಣ ಚೆನ್ನಾಗ್ ಮಾತಾಡ್ಸ್ತು. ಊರಿಗ್ ಬಾ ಅಂದ್ರೆ ಕೆಲ್ಸ ಅದೆ ಅಂತು,” ಎಂದು ಅವನು ಬಂದು ಹೇಳಿದ.

ತೊಂಬತ್ತಾರರ ಬೇಸಿಗೆಯಲ್ಲಿ ಅಂಚೆಯವನು ಲಗ್ನಪತ್ರಿಕೆ ತಂದುಕೊಟ್ಟ. ಚಲುವರಾಜುವಿನ ಮದುವೆ, ನಾಗಮಂಗಲದ ಛತ್ರದಲ್ಲಿ. ಮನೆಮನೆಗೆ ಹೋಗಿ ಅರಿಸಿನ ಕುಂಕುಮ ಕೊಟ್ಟು ಕರೆಯುವ ನಾಡಿನಲ್ಲಿ, ಸ್ಟಾಂಪು ಹಚ್ಚಿದ ಲಕೋಟೆ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಇಪ್ಪತ್ತೈದು ವರ್ಷ ಕಣ್ಣಿಗೆ ಬೀಳದ ಅಪ್ಪನ ಹೆಸರಿತ್ತು. ಇವರದು ಇರಲಿಲ್ಲ.

“ಕರೆದವ್ನಲ್ಲ, ಓಗಾನ,” ಎಂದಳು ಸೋಮಮ್ಮ.

ಹೋದರು. ಧಾರೆಗೆ ಮುಂದೆ ಹೋಗಲಿಲ್ಲ, ಹಿಂದಿನ ಕುರ್ಚಿಗಳಲ್ಲಿ ಕೂತು ಅಕ್ಷತೆ ಎಸೆದರು. ಅದು ಮಂಟಪದವರೆಗೆ ಹೋಗಲಿಲ್ಲ. ಎಲ್ಲರ ಜೊತೆ ಸಾಲಿನಲ್ಲಿ ನಿಂತು ವೇದಿಕೆ ಹತ್ತಿದರು. ಚಲುವರಾಜು ಇಬ್ಬರ ಕಾಲಿಗೂ ಬಗ್ಗಿದ, ಎಲ್ಲ ಹಿರಿಯರಿಗೆ ಬಗ್ಗಿದ ಹಾಗೆ. ಸೋಮಮ್ಮ ಅವನ ತಲೆಯ ಮೇಲೆ ಕೈಯಿಟ್ಟು ತೆಗೆಯಲಾರದೆ ನಿಂತಳು. ಮದುವೆಯ ಹುಡುಗಿ ಸಣ್ಣ ದನಿಯಲ್ಲಿ, “ಇವ್ರು ಯಾರು?” ಎಂದು ಕೇಳಿದಳು.

“ನಮ್ಮೂರೋರು,” ಎಂದ ಚಲುವರಾಜು.

ವಾಲಗ ಜೋರಾಗಿತ್ತು. ಹಿಂದಿನವರು ತಳ್ಳುತ್ತಿದ್ದರು. ಇಬ್ಬರೂ ಇಳಿದು ಬಂದು, ಮೂರನೆಯ ಪಂಕ್ತಿಯಲ್ಲಿ ಊಟ ಮಾಡಿ, ಎರಡು ಗಂಟೆಯ ಬಸ್ಸು ಹತ್ತಿದರು.

ಬಸ್ಸು ಊರು ದಾಟಿದ ಮೇಲೆ ಚಿಕ್ಕಸ್ವಾಮಿ ಕೇಳಿದ. “ಆ ಎಣ್ಣು ಏನೋ ಕೇಳ್ತು. ನಂಗೆ ವಾಲಗದಲ್ಲಿ ಕೇಳುಸ್ಲಿಲ್ಲ. ಚಲ್ವ ಏನಂದ?”

ಸೋಮಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ನಮ್ಮವ್ವ, ನಮ್ ದೊಡ್ಡಪ್ಪ ಅಂದ.”

“ಅಂಗಂದ್ನಾ?” ಚಿಕ್ಕಸ್ವಾಮಿಯ ಮುಖ ಅರಳಿತು. ಅವನು ಪಕ್ಕದಲ್ಲಿ ಕೂತಿದ್ದ ಅಪರಿಚಿತನ ಕಡೆ ತಿರುಗಿ, ಮದುವೆಗೆ ಹೋಗಿದ್ದೆವು, ನಮ್ಮ ಹುಡುಗನದೇ, ಎಂದು ಹೇಳತೊಡಗಿದ. ಸೋಮಮ್ಮ ಕಿಟಕಿಯ ಕಂಬಿ ಹಿಡಿದು ಹೊರಗೆ ನೋಡುತ್ತ ಕೂತಳು, ಮುಖಕ್ಕೆ ಗಾಳಿ ಬಡಿಯಲಿ ಎಂದು.