ತುಟಿಯ ಮೇಲಿನ ನೇರಳೆ

ಮೌಸ್ ಮೇಲಿಟ್ಟ ಕೈ ತೆಗೆಯದೆಯೇ ಮಗಳು, "ಇನ್ನೊಂದು ಸ್ವಲ್ಪ, ಚಿಕ್ಕಪ್ಪ," ಎಂದಳು.

ಚಿಕ್ಕಪ್ಪ ಬಾಗಿಲಿಗೆ ಒರಗಿ ನಿಂತಿದ್ದರು. "ಗಾಡಿ ಬಂದು ನಿಂತಿದೆ ಕಣಮ್ಮಾ. ಹಾಲ್‌ನಲ್ಲಿ ಶ್ರದ್ಧಾಂಜಲಿಗೆ ಬಂದ ಜನ ಕಾಯ್ತಿದಾರೆ. ಇದ್ದ ಹಾಗೇ ಹಾಕ್ಬಿಡು, ಗೆರೆ ಬಣ್ಣ ಎಲ್ಲಾ ಇವತ್ತು ಯಾರು ನೋಡ್ತಾರೆ?"

"ಅಪ್ಪ ನೋಡ್ತಿದ್ರು."

ಚಿಕ್ಕಪ್ಪ ಹೊರಗೆ ತಿರುಗಿ, ಗಾಡಿಯವನಿಗೆ ಕಾಯುವಂತೆ ಕೈಸನ್ನೆ ಮಾಡಿದರು.

ಅರ್ಧ ಊರಿನ ಮದುವೆ, ಹುಟ್ಟುಹಬ್ಬಗಳ ವಿಡಿಯೋಗಳನ್ನು ಈ ಕೋಣೆಯಲ್ಲಿ ಕೂತು ಎಡಿಟ್ ಮಾಡಿದ್ದ ಅಪ್ಪ, ತಾವು ಮಾತ್ರ ಕ್ಯಾಮೆರಾ ಮುಂದೆ ಬಂದವರಲ್ಲ. ತಡಕಾಡಿದ ಮೇಲೆ ಸಿಕ್ಕಿದ್ದು ಒಂದೇ ತುಣುಕು, ಕ್ಯಾಮೆರಾದಿಂದ ಇಳಿಸಿಟ್ಟ ಹಾಗೇ ಇದ್ದದ್ದು. ಹೋದ ಬೇಸಿಗೆಯಲ್ಲಿ, ಮೊಮ್ಮಗಳ ಹುಟ್ಟುಹಬ್ಬದ ದಿನ, ಅವಳನ್ನೆತ್ತಿಕೊಂಡು ಮೆಟ್ಟಿಲು ಹತ್ತಿ ತಾರಸಿಗೆ ಬಂದ ಅಪ್ಪ ಏದುಸಿರು ಬಿಡುತ್ತ ನಗುತ್ತಿದ್ದರು. ಹಿಂದೆ ಕಣ್ಣು ಕುಕ್ಕುವ ಬಿಳಿ ಆಕಾಶ. ಕೂದಲಿನ ಸುತ್ತ, ಕಿವಿಯಂಚಿನಲ್ಲಿ ತೆಳ್ಳಗೆ ನೇರಳೆ ಗೆರೆ. ಅಗ್ಗದ ಲೆನ್ಸು ಬೆಳಕಿಗೆ ಎದುರಾದರೆ ಹಾಗೇ.

ಮಗಳು ನೇರಳೆಯನ್ನು ಇಳಿಸುತ್ತ ಬಂದಳು. ಕೂದಲಿನ ಗೆರೆ ಮಾಯವಾಯಿತು. ಕಿವಿಯದ್ದೂ ಹೋಯಿತು. ತುಟಿಯ ಮೇಲಿನದು ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಹುಟ್ಟುಹಬ್ಬದ ಸಂಜೆ ಮನೆಮಂದಿಯೆಲ್ಲ ಟಿವಿಯಲ್ಲಿ ಇದನ್ನೇ ನೋಡಿದ್ದರು. ಆಗ ತುಟಿ ಹೀಗಿರಲಿಲ್ಲ.

*

ಕೆಲಸ ಕಲಿಯುವಾಗ ಒಮ್ಮೆ ಅವಳು ಅವಸರಕ್ಕೆ ಇಡೀ ಚಿತ್ರದ ನೇರಳೆಯನ್ನೇ ಇಳಿಸಿಬಿಟ್ಟಿದ್ದಳು. ಮದುಮಗಳ ತಂಗಿಯ ನೇರಳೆ ಲಂಗ ಬೂದಿಬಣ್ಣವಾಗಿತ್ತು.

"ಅಂಚಲ್ಲಿರೋದು ಲೆನ್ಸಿನ ತಪ್ಪು, ಅದನ್ನ ತೆಗಿ," ಎಂದಿದ್ದರು ಅಪ್ಪ. "ಒಳಗಿರೋದು ಅವರ ಬಣ್ಣ. ಅದನ್ನ ಮುಟ್ಟೋಕೆ ನಾವ್ಯಾರು?"

ಹುಟ್ಟುಹಬ್ಬದ ಆ ಮಧ್ಯಾಹ್ನ ಅವಳು ಊಟಕ್ಕೆ ಕರೆಯಲು ಬಂದಾಗ ಅಪ್ಪ ಪರದೆಗೆ ಮುಖ ಹಚ್ಚಿ ಕೂತಿದ್ದರು. ಅವಳನ್ನು ಕಂಡು ಚಿತ್ರ ಮುಚ್ಚಿದರು.

"ಇನ್ನೂ ಮುಗೀಲಿಲ್ವಾ ಅಪ್ಪ?"

"ಅಂಚು ಸ್ವಲ್ಪ ಬಾಕಿ. ನೀವು ಶುರು ಮಾಡಿ."

*

ಅಪ್ಪ ಎಡಿಟ್ ಮಾಡಿಟ್ಟಿದ್ದ ಫೈಲು ಅದೇ ಕಂಪ್ಯೂಟರಿನಲ್ಲಿತ್ತು. ಅವಳು ತೆರೆದಳು. ಒಂದು ಪದರದಲ್ಲಿ ಅಂಚಿನ ಕೆಲಸ. ಅದರ ಕೆಳಗೆ ಇನ್ನೊಂದು ಪದರ. ಬಾಯಿಯ ಸುತ್ತ ಮಾತ್ರ ಸಣ್ಣದೊಂದು ತೇಪೆ. ಅಪ್ಪ ತಲೆ ಅಲ್ಲಾಡಿಸಿದಲ್ಲೆಲ್ಲ ತಾನೂ ಅಲ್ಲಾಡುತ್ತ, ತುಟಿಗೆ ಕೆಂಪು ತುಂಬುತ್ತಿತ್ತು. ಆ ಪದರ ಆಫ್ ಮಾಡಿದಳು, ತುಟಿ ನೇರಳೆ. ಮತ್ತೆ ಹಚ್ಚಿದಳು, ಕೆಂಪು.

ಚಿಕ್ಕಪ್ಪ ಹತ್ತಿರ ಬಂದು ಬಗ್ಗಿ ನೋಡಿದರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಹೃದಯ ಸೋತ್ರೆ ತುಟಿ ಹೀಗಾಗೋದು. ಅಣ್ಣನಿಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು ಅನ್ಸುತ್ತೆ."

"ಡಾಕ್ಟರ ಹತ್ರ ಹೋಗೋದು ಬಿಟ್ಟು, ಕೂತ್ಕೊಂಡು ಬಣ್ಣ ಬಳಿದಿದಾನಲ್ಲ." ಅವರ ದನಿ ಒಡೆಯಿತು. ಬಾಗಿಲ ಕಡೆ ನೋಡಿ ಕೇಳಿದರು, "ಅತ್ತಿಗೆಗೆ ಹೇಳ್ತೀಯಾ?"

ಅಪ್ಪ ಹೋದ ದಿನದಿಂದ ಅಮ್ಮ ಒಂದೇ ಮಾತು ಹಿಡಿದು ಕೂತಿದ್ದರು: ಪಕ್ಕದಲ್ಲೇ ಇದ್ದೆ, ನನಗೆ ಹೇಗೆ ಕಾಣಲಿಲ್ಲ?

ಮಗಳು ತೇಪೆಯನ್ನು ಹಚ್ಚಿಯೇ ಇಟ್ಟು, ಪೆನ್‌ಡ್ರೈವ್‌ಗೆ ಹಾಕಿಕೊಂಡು ಎದ್ದಳು.

ಹಾಲ್‌ನಲ್ಲಿ ದೀಪ ತಗ್ಗಿಸಿದರು. ಗೋಡೆಯ ಬಿಳಿ ಪರದೆ ತುಂಬ ಅಪ್ಪ ನಕ್ಕರು. ಹಿಂದಿನ ಸಾಲಿನಲ್ಲಿ ಯಾರೋ ಮೂಗೆಳೆದುಕೊಂಡರು.

ಅಮ್ಮ ಮಗಳ ಮುಂಗೈ ಹಿಡಿದರು. "ನೋಡು, ಎಷ್ಟು ಲವಲವಿಕೆಯಾಗಿದಾರೆ. ಆವತ್ತು ಚೆನ್ನಾಗೇ ಇದ್ರಲ್ವಾ?"

ಮಗಳು ಆ ಕೈಯ ಮೇಲೆ ತನ್ನ ಇನ್ನೊಂದು ಕೈಯಿಟ್ಟಳು. "ಚೆನ್ನಾಗಿದ್ರು ಅಮ್ಮ."

"ಮತ್ತೆ ಹಾಕು."

ಮತ್ತೆ ಹಾಕಿದಳು. ಈ ಸಲ ಅಮ್ಮ ಕೂರಲಿಲ್ಲ. ಎದ್ದು ಪರದೆಯ ಕಡೆ ನಡೆದರು. ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ನಿಂತ ಅವರ ನೆರಳು ದೊಡ್ಡದಾಗಿ ಬಿದ್ದು ಅಪ್ಪನ ಮುಖವನ್ನು ಪೂರಾ ಮುಚ್ಚಿತು. ಅಕ್ಕಪಕ್ಕ ಆಕಾಶ ಮಾತ್ರ ಉಳಿಯಿತು. ಸರಿದು ನಿಲ್ಲಿ ಎಂದು ಯಾರೂ ಹೇಳಲಿಲ್ಲ.