ಮೂವತ್ತೊಂದು ಸಲ ‘ಆಯ್ತು’

“ಭಿನ್ನರಾಶಿಯಿಂದ ಭಾಗಿಸ್ಬೇಕಾದ್ರೆ ಅದನ್ನ ತಲೆಕೆಳಗು ಮಾಡಿ ಗುಣಿಸಿಬಿಡಿ. ಅರ್ಥ ಆಯ್ತಾ?”

“ಆಯ್ತು ಸಾರ್!” ನಲವತ್ತು ಗಂಟಲು ಒಟ್ಟಿಗೆ ಕೂಗಿದವು.

ಆ ಕೂಗು ಕೇಳಿದರೆ ಗಣಿತದ ಮೇಷ್ಟ್ರಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಮಕ್ಕಳು ಅವರಿಗೆ ‘ಆಯ್ತಾ ಮೇಷ್ಟ್ರು’ ಎಂದು ಹೆಸರಿಟ್ಟಿದ್ದು ಅವರಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಆದರೆ ಇವತ್ತು ಕೋಣೆಯ ಹಿಂದೆ ಕುರ್ಚಿ ಹಾಕಿಕೊಂಡು ವಿಜ್ಞಾನದ ಟೀಚರು ಕೂತಿದ್ದರು. ಶಾಲೆಯಲ್ಲಿ ಹೊಸ ತರಬೇತಿ ಶುರುವಾಗಿತ್ತು. ಒಬ್ಬರ ಪಾಠಕ್ಕೆ ಇನ್ನೊಬ್ಬರು ಬಂದು ಕೂರಬೇಕು, ಕಂಡದ್ದನ್ನು ಆಮೇಲೆ ಇಬ್ಬರೂ ಮಾತಾಡಬೇಕು. ಬೇಡವೆನ್ನುವ ಹಳಬರು ಹೆಡ್‌ಮೇಡಂಗೆ ಒಂದು ಪತ್ರ ಕೊಟ್ಟರೆ ಮುಗಿಯಿತು.

ಗಂಟೆ ಹೊಡೆದ ಮೇಲೆ ಮೇಷ್ಟ್ರು ಮೀಸೆಯಡಿಯಲ್ಲೇ ನಗುತ್ತ ಕೇಳಿದರು, “ಏನು ಬರ್ಕೊಂಡ್ರಮ್ಮಾ?”

“ಮೂವತ್ತೊಂದು ಸಲ ‘ಅರ್ಥ ಆಯ್ತಾ’ ಅಂದ್ರಿ ಸಾರ್. ಮೂವತ್ತೊಂದು ಸಲಾನೂ ‘ಆಯ್ತು’ ಅಂದ್ರು.”

“ಮತ್ತಿನ್ನೇನು ಬೇಕು?”

“ನನ್ನ ಮುಂದೆ ಕೂತಿದ್ದ ಹುಡುಗಿ ಎಲ್ಲರಿಗಿಂತ ಜೋರಾಗಿ ಕೂಗ್ತಿದ್ಲು ಸಾರ್. ಕೂಗ್ತಾನೇ ಪುಸ್ತಕದಲ್ಲಿ ಬೆಕ್ಕಿನ ಚಿತ್ರ ಬರೀತಿದ್ಲು.” ಟೀಚರು ಅಳುಕುತ್ತಲೇ ಸೇರಿಸಿದರು, “ಬೆಕ್ಕು ಚೆನ್ನಾಗಿ ಬಂದಿತ್ತು.”

ಮೇಷ್ಟ್ರು ಮುಖ ಊದಿಸಿಕೊಂಡೇ ಮನೆಗೆ ಹೋದರು. ಹೆಂಡತಿ ಆಗತಾನೆ ಆಸ್ಪತ್ರೆಯಿಂದ ಬಂದು ಕಾಲು ಚಾಚಿ ಚಹಾ ಕುಡಿಯುತ್ತಿದ್ದರು. ಅವರು ಅಲ್ಲಿ ನರ್ಸು.

“ನಿನ್ನೆ ಮೊನ್ನೆ ಬಂದವಳು ನನಗೆ ಬುದ್ಧಿ ಹೇಳೋದಾ? ನನ್ನ ಕೂದಲೇನು ಬಿಸಿಲಿಗೆ ನೆರೆತಿದ್ದಾ? ಇದೆಲ್ಲ ಬೇಡ ಅಂತ ಪತ್ರ ಬರೆದಿಟ್ಟಿದೀನಿ, ನಾಳೆ ಕೊಟ್ಟುಬಿಡ್ತೀನಿ.”

“ಹೋದ ತಿಂಗಳು ನಮ್ಮ ವಾರ್ಡಲ್ಲಿ ಒಬ್ಳು ಹೊಸ ನರ್ಸ್ ಹುಡುಗಿ ಪಕ್ಕದಲ್ಲಿ ನಿಂತು ನಾನು ಕೈ ತೊಳೆಯೋದು ನೋಡಿದ್ಲು. ‘ಅಕ್ಕಾ, ಹೆಬ್ಬೆರಳು ಬಿಟ್ಬಿಟ್ರಿ’ ಅಂದ್ಲು.”

“ನಿನಗೆ ಕೈ ತೊಳೆಯೋದು ಹೇಳ್ಕೊಡೋದಾ! ಕೋಪ ಬರ್ಲಿಲ್ವಾ?”

“ಬಾರದೇ ಇರುತ್ತಾ? ಆದ್ರೆ ಇಪ್ಪತ್ತೆರಡು ವರ್ಷದ ಅನುಭವ ಅಂತ ಜಂಭ ಕೊಚ್ಚೋಳು, ಆ ಹೆಬ್ಬೆರಳನ್ನೂ ಇಪ್ಪತ್ತೆರಡು ವರ್ಷದಿಂದ ಬಿಡ್ತಾನೇ ಬಂದಿದ್ದೆ ನೋಡಿ.”

“ನಿನ್ನದು ಪ್ರಾಣದ ಪ್ರಶ್ನೆ ಮಾರಾಯ್ತಿ.”

“ನಿಮ್ಮದು ಮಕ್ಕಳ ತಲೆ ಪ್ರಶ್ನೆ. ನನಗೆ ಮೊದಲ ಸೂಜಿ ಚುಚ್ಚೋಕೆ ಬಿಡೋ ಮುಂಚೆ ತಿಂಗಳುಗಟ್ಟಲೆ ಯಾರಾದ್ರೂ ಪಕ್ಕ ನಿಂತಿರ್ತಿದ್ರು. ನಿಮ್ಮ ಪಕ್ಕ ಯಾರು ನಿಂತಿದ್ರು?”

ಮೇಷ್ಟ್ರ ಪಕ್ಕ ಯಾರೂ ನಿಂತಿರಲಿಲ್ಲ. ಪದವಿಪತ್ರ ತೋರಿಸಿದ ದಿನವೇ ಕೈಗೆ ಸೀಮೆಸುಣ್ಣ ಕೊಟ್ಟು ತರಗತಿಗೆ ತಳ್ಳಿದ್ದರು.

ಮರುದಿನ ಪತ್ರ ಜೇಬಿನಲ್ಲೇ ಇತ್ತು. ಪಾಠದ ನಡುವೆ ಬಾಯಿ ತಾನಾಗಿಯೇ “ಅರ್ಥ…” ಎಂದಿತು. ಮೇಷ್ಟ್ರು ಗಕ್ಕನೆ ನಿಲ್ಲಿಸಿದರು.

“ಆಯ್ತು ಸಾರ್!”

ಇನ್ನೂ ಕೇಳದ ಪ್ರಶ್ನೆಗೇ ಉತ್ತರ! ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಎಲ್ಲರಿಗೂ ಒಂದೊಂದು ಚೀಟಿ ಹಂಚಿದರು. “ಮೂರನ್ನ ನಾಲ್ಕನೇ ಒಂದರಿಂದ ಭಾಗಿಸಿ. ಹೆಸರು ಬರೀಬೇಡಿ.”

ನಲವತ್ತು ಚೀಟಿಗಳಲ್ಲಿ ಸರಿಯಿದ್ದದ್ದು ಒಂಬತ್ತು. ಒಂದರಲ್ಲಿ ಬೆಕ್ಕು ಕೂತಿತ್ತು. ಅದರ ಕೆಳಗೆ ಬರೆದಿತ್ತು: ‘ಸಾರ್, ತಲೆಕೆಳಗು ಯಾಕೆ ಮಾಡ್ಬೇಕು?’

ಮೇಷ್ಟ್ರು ಅದನ್ನು ಎರಡೆರಡು ಸಲ ಓದಿದರು. ಯಾಕೆ ಎಂದು ಅವರಿಗೂ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವರ ಮೇಷ್ಟ್ರೂ ‘ಅರ್ಥ ಆಯ್ತಾ?’ ಎಂದು ಕೇಳಿದ್ದರು. ಇವರೂ ‘ಆಯ್ತು ಸಾರ್’ ಎಂದು ಕೂಗಿದ್ದರು. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಊಟದ ಬಿಡುವಿನಲ್ಲಿ ಆ ಚೀಟಿ ಹಿಡಿದು ವಿಜ್ಞಾನದ ಟೀಚರ ಎದುರು ಕೂತರು. “ಇದನ್ನ ಮಕ್ಕಳ ಕಣ್ಣಿಗೆ ಕಾಣೋ ಹಾಗೆ ಮಾಡೋದು ಹೇಗಮ್ಮಾ? ಇಬ್ರೂ ಸೇರಿ ಯೋಚಿಸೋಣ.” ಡಬ್ಬಿಯಲ್ಲಿದ್ದ ಊಟ ತಣ್ಣಗಾದರೂ ಇಬ್ಬರಿಗೂ ಗಮನವಿರಲಿಲ್ಲ.

ಮಾರನೆಯ ದಿನ ಟೀಚರಿಗೆ ಕುರ್ಚಿಯನ್ನು ಮೇಷ್ಟ್ರೇ ಹೊತ್ತು ತಂದು ಹಿಂದೆ ಹಾಕಿದರು. ಪಾಠ ಶುರುಮಾಡಿ ನೋಡಿದರೆ, ಕತ್ತರಿಸಲೆಂದು ತೆಗೆದಿಟ್ಟ ಹಾಳೆಗಳು ಸ್ಟಾಫ್ ರೂಮಿನಲ್ಲೇ ಉಳಿದಿದ್ದವು. ಜೇಬು ತಡಕಿದರು, ಪತ್ರ ಸಿಕ್ಕಿತು. ಅದನ್ನೇ ಬಿಡಿಸಿ, ಎರಡು ಸಲ ಮಡಚಿ, ಪರಪರ ಹರಿದರು.

“ಒಂದು ಹಾಳೇಲಿ ನಾಲ್ಕನೇ ಒಂದು ಭಾಗ ಎಷ್ಟು ಸಿಕ್ತು?”

“ನಾಲ್ಕು!”

“ಮೂರು ಹಾಳೆ ಹರಿದ್ರೆ?”

“ಹನ್ನೆರಡು!” ಎಂದು ಬೆಕ್ಕಿನ ಹುಡುಗಿ ಎದ್ದೇ ನಿಂತಳು. “ಸಾರ್, ಅದಕ್ಕೇನಾ ನಾಲ್ಕರಿಂದ ಗುಣಿಸೋದು?”

“ಅದಕ್ಕೇ ಕಣಮ್ಮಾ!” ಮೇಷ್ಟ್ರು ತರಗತಿಯ ಕಡೆ ತಿರುಗಿದರು. “ಈಗ ಹೇಳಿ, ಯಾರಿಗೆ ಅರ್ಥ ಆಗ್ಲಿಲ್ಲ?”

ಇಂಥ ಪ್ರಶ್ನೆಗೆ ಮಕ್ಕಳ ಬಳಿ ಸಿದ್ಧ ಉತ್ತರವಿರಲಿಲ್ಲ. ಕೊನೆಗೆ ಮುಂದಿನ ಬೆಂಚಿನಿಂದ ತರಗತಿಯ ಲೀಡರಿನ ಕೈ ಮೆಲ್ಲಗೆ ಮೇಲೆದ್ದಿತು.

“ನನಗೆ ಆಗ್ಲಿಲ್ಲ ಸಾರ್.”

ಇಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ಆ ಮಾತು ಅವರ ಕಿವಿಗೆ ಬಿದ್ದದ್ದು ಅದೇ ಮೊದಲು.

“ಭೇಷ್!” ಎಂದರು ಮೇಷ್ಟ್ರು, ಮುಖವೆಲ್ಲ ಅರಳಿಸಿಕೊಂಡು. “ಬಾ, ಈ ಸಲ ಹಾಳೆ ನೀನೇ ಹರಿ.”

ಹಿಂದೆಯೇ ಇನ್ನೂ ಏಳು ಕೈಗಳು ಮೇಲೆದ್ದವು.